ಮೀಟರ್ ಸಾವಿರ ತೋರಿಸಿತು, ಇಂಜಿನ್ ಎಷ್ಟು ಓಡಿತು?

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಹೊಸ ಕಾರಿನ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂಬ ಚೀಟಿ ಅಂಟಿಸುತ್ತಿದ್ದರು. ಇಂಜಿನ್ ಇನ್ನೂ ಟೈಟ್ ಇದೆ, ಹಿಂದಿನಿಂದ ಹಾರ್ನ್ ಹೊಡೆಯಬೇಡಿ, ಬೇಕಿದ್ದರೆ ಮುಂದೆ ಹೋಗಿ ಎಂದು ಅದರ ತಾತ್ಪರ್ಯ. ಮೊದಲ ಸರ್ವಿಸ್ ಮುಗಿಯುವ ತನಕ ಮುಳ್ಳು ಐವತ್ತು ದಾಟಿದರೆ ಮನೆಯ ಹಿರಿಯರ ಮುಖ ಗಂಟಿಕ್ಕುತ್ತಿತ್ತು. ಚೀಟಿ ಮಾಯವಾಯಿತು, ‘ಮೊದಲ ಸಾವಿರ ಕಿಲೋಮೀಟರ್ ಜೋಪಾನ’ ಎಂಬ ಮಾತು ಉಳಿಯಿತು. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಕಾರು ಬಂದ ಮೇಲೆ ಈ ಸಾವಿರದ ಲೆಕ್ಕವೇ ತಲೆಕೆಳಗಾಗಿದೆ.

ಮಂಗಳೂರಿನ ಪಣಂಬೂರಿನಲ್ಲಿ ಮನೆ ಇರುವವರ ಓಡಾಟವನ್ನೇ ನೋಡಿ. ಹಂಪನಕಟ್ಟೆಗೆ ಹೋಗಿ ಬಂದರೆ ಇಪ್ಪತ್ತೈದು ಕಿ.ಮೀ. ಆಸುಪಾಸು, ಸುರತ್ಕಲ್ ಪೇಟೆಗಾದರೆ ಇನ್ನೂ ಕಡಿಮೆ. 2016ರಲ್ಲಿ ಭಾರತಕ್ಕೆ ಬಂದ ವೋಲ್ವೊ ಎಕ್ಸ್‌ಸಿ90 ಟಿ8 ಕಾರಿನಲ್ಲಿ ಎರಡು ಲೀಟರಿನ ಪೆಟ್ರೋಲ್ ಇಂಜಿನ್ ಮುಂದಿನ ಚಕ್ರಗಳಿಗೆ, ವಿದ್ಯುತ್ ಮೋಟರ್ ಹಿಂದಿನ ಚಕ್ರಗಳಿಗೆ. ಬ್ಯಾಟರಿಯೊಂದರಲ್ಲೇ ಸುಮಾರು 40 ಕಿ.ಮೀ. ಓಡುತ್ತದೆಂದು ಕಂಪನಿಯ ಲೆಕ್ಕ. ರಾತ್ರಿ ಶೆಡ್ಡಿನಲ್ಲಿ ಪ್ಲಗ್ ಹಾಕಿದರೆ ಮರುದಿನ ಇಂಜಿನ್ನಿಗೆ ಕೆಲಸವೇ ಇಲ್ಲ. ಹೀಗೆ ಮೀಟರ್ ಸಾವಿರ ಮುಟ್ಟಿದಾಗ ಇಂಜಿನ್ ಐವತ್ತು ಓಡಿದ್ದರೆ ಹೆಚ್ಚು.

ಆ ಐವತ್ತು ಓಡಿದ್ದಾದರೂ ಹೇಗೆ? ಬಂದರಿನಿಂದ ಹೊರಟ ಲಾರಿಗಳ ಸಾಲು ಕೂಳೂರು ಸೇತುವೆಯ ತನಕ ನಿಂತಿರುತ್ತದೆ. ಎಡೆ ಸಿಕ್ಕಿತೆಂದು ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ಮೋಟರಿನ ಬಲ ಸಾಲದೆ, ವಾರದಿಂದ ತಣ್ಣಗೆ ಮಲಗಿದ್ದ ಇಂಜಿನ್ ದಡಕ್ಕನೆ ಎದ್ದು ಭಾರ ಹೊರಬೇಕು. ಅರ್ಧ ನಿಮಿಷದಲ್ಲಿ ಮತ್ತೆ ನಿದ್ದೆ. ಕಾರಿನ ಕಂಪ್ಯೂಟರ್ ಒಂದಷ್ಟು ತಡೆಯುವುದುಂಟು, ನಿಜ. ಆದರೂ ಹೊಸ ಇಂಜಿನ್ನಿಗೆ ಇದಕ್ಕಿಂತ ಕೆಟ್ಟ ಆರಂಭ ಬೇರೆ ಇಲ್ಲ.

ಯಾಕೆಂದು ತಿಳಿಯಬೇಕಾದರೆ ಇಂಜಿನ್ ಬಿಚ್ಚಿ ಬೋರ್ ಮಾಡುವ ಯಾವುದಾದರೂ ವರ್ಕ್‌ಶಾಪಿಗೆ ಹೋಗಬೇಕು. ಹೋನಿಂಗ್ ಮುಗಿದ ಸಿಲಿಂಡರಿನ ಒಳಗೆ ಟಾರ್ಚ್ ಬಿಟ್ಟರೆ ಗೋಡೆ ಕನ್ನಡಿಯ ಹಾಗೆ ನುಣುಪಾಗಿ ಕಾಣುವುದಿಲ್ಲ. ಒಂದನ್ನೊಂದು ಓರೆಯಾಗಿ ಕತ್ತರಿಸುವ ಸಣ್ಣ ಸಣ್ಣ ಗೀರುಗಳು ಮೇಲಿನಿಂದ ಕೆಳಗಿನವರೆಗೆ. ಬೇಕೆಂದೇ ಮಾಡಿದ ಗೀರುಗಳವು. ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬಿನ ತುದಿಗಳು ಹೊಸ ಪಿಸ್ಟನ್ ರಿಂಗಿಗೆ ಉಜ್ಜಿ ಸವೆಯುತ್ತವೆ. ರಿಂಗ್ ಗೋಡೆಗೆ ಒತ್ತಿ ನಿಲ್ಲುವುದು ತನ್ನ ಸ್ಪ್ರಿಂಗ್ ಬಲದಿಂದ ಮಾತ್ರವಲ್ಲ. ಮೇಲೆ ಉರಿಯುವ ಅನಿಲ ರಿಂಗಿನ ಬೆನ್ನಿಗೆ ಹೋಗಿ ಹೊರಕ್ಕೆ ತಳ್ಳುತ್ತದೆ. ಅಂದರೆ ತಕ್ಕಮಟ್ಟಿನ ಭಾರ ಬೀಳದೆ ರಿಂಗ್ ಕೂರುವುದಿಲ್ಲ. ತೀರಾ ಮೆಲ್ಲಗೆ ಓಡಿಸಿ, ಐಡ್ಲಿಂಗಿನಲ್ಲೇ ಇಟ್ಟರೆ ಗೋಡೆಗೆ ಆಯಿಲ್ ಸುಟ್ಟ ಹೊಳಪು ಹತ್ತಿ, ಮುಂದೆ ಇಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ಹಿರಿಯರ ‘ಮೆಲ್ಲಗೆ’ ಎಂಬ ಬುದ್ಧಿವಾದ ಅರ್ಧ ಮಾತ್ರ ಸರಿ.

1974ರಲ್ಲಿ ಪ್ರಮುಖ ಬಂದರೆನಿಸಿದ ನವಮಂಗಳೂರಿಗೆ ಬರುವ ಹಡಗುಗಳಲ್ಲೂ ಇದೇ ಕಥೆ, ಗಾತ್ರ ಮಾತ್ರ ಬೇರೆ. ಹಡಗಿನ ಇಂಜಿನ್ನಿಗೆ ಹೊಸ ಲೈನರ್, ಹೊಸ ರಿಂಗ್ ಹಾಕಿದರೆ ಎಂಜಿನಿಯರುಗಳು ಸಿಲಿಂಡರ್ ಆಯಿಲ್ ಹೆಚ್ಚು ಬಿಟ್ಟು, ಭಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಅವರು ಲೆಕ್ಕ ಇಡುವುದು ಇಂಜಿನ್ ಓಡಿದ ಗಂಟೆಗಳಲ್ಲಿ, ಹಡಗು ಸಾಗಿದ ದೂರದಲ್ಲಲ್ಲ. ಪ್ಲಗ್-ಇನ್ ಕಾರಿನವರು ಕಲಿಯಬೇಕಾದದ್ದು ಇದನ್ನೇ.

ಹಾಗೆಂದು ಗಾಬರಿ ಬೇಡ. ಈಗಿನ ಕಾರ್ಖಾನೆಗಳಲ್ಲಿ ಫಿನಿಶಿಂಗ್ ಎಷ್ಟು ನಯವೆಂದರೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಐನೂರು ಕಿ.ಮೀ.ಗೇ ಆಯಿಲ್ ಬದಲಿಸಿ ಎನ್ನುವವರ ಮಾತಿಗಿಂತ ಕಾರಿನ ಜೊತೆ ಬರುವ ಪುಸ್ತಕ ಮೇಲು. ಮಾಡಬೇಕಾದದ್ದು ಇಷ್ಟು: ಬ್ಯಾಟರಿಯನ್ನು ಹಾಗೇ ಉಳಿಸುವ ‘ಹೋಲ್ಡ್’ ಅಥವಾ ‘ಚಾರ್ಜ್’ ಮೋಡ್ ಹಾಕಿ ಇಂಜಿನ್ ಎಬ್ಬಿಸಿ, ಒಂದು ಗಂಟೆ ಎಡೆಬಿಡದೆ ಓಡಿಸಿ. ಹೆದ್ದಾರಿ 66ರಲ್ಲಿ ಮೂಲ್ಕಿ, ಪಡುಬಿದ್ರಿ ಕಡೆಗೆ ಒಂದೇ ವೇಗದಲ್ಲಿ ಹೋಗುವುದಕ್ಕಿಂತ ಕಾವೂರಿನ ಮೂಲಕ ಗುರುಪುರ, ಮೂಡುಬಿದಿರೆ, ಕಾರ್ಕಳದ ದಾರಿ ಒಳ್ಳೆಯದು. ಅಲ್ಲಿನ ಏರು ತಗ್ಗು, ತಿರುವುಗಳಲ್ಲಿ ಭಾರ ತಾನಾಗಿ ಹೆಚ್ಚು ಕಡಿಮೆಯಾಗುತ್ತದೆ. ಮೊದಲ ವಾರವೇ ಮನೆಮಂದಿಯನ್ನೆಲ್ಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಉಮೇದು ಮಾತ್ರ ಬೇಡ ಮಾರಾಯ್ರೇ.

ಕರಾವಳಿಯ ಮಳೆಗಾಲ ಇನ್ನೊಂದು ಪೀಡೆ. ಇಂಜಿನ್ ಪೂರ್ತಿ ಬಿಸಿಯಾಗದೆ ಆರಿದರೆ ಒಳಗಿನ ತೇವ ಆರುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿದರೆ ಅಡಿಯಲ್ಲಿ ನಸುಹಳದಿ ಲೋಳೆ ಕಟ್ಟಿರಬಹುದು, ಆಯಿಲ್ ಮತ್ತು ನೀರು ಕಲೆತದ್ದು. ಟ್ಯಾಂಕಿನಲ್ಲಿ ಪೆಟ್ರೋಲೂ ಹಳತಾಗುತ್ತದೆ, ಅದರಲ್ಲಿ ಈಗ ತೇವ ಹೀರುವ ಎಥೆನಾಲ್ ಶೇ 20ರವರೆಗೆ ಇದೆ. ಎಂಆರ್‌ಪಿಎಲ್ ಸಂಸ್ಕರಣಾಗಾರದ ಬಗಲಲ್ಲೇ ಇದ್ದುಕೊಂಡು ಪೆಟ್ರೋಲ್ ಹಳಸುವ ಚಿಂತೆ ಮಾಡುವುದು ಒಂದು ಗಮ್ಮತ್ತು! ಟ್ಯಾಂಕ್ ತುಂಬಿಸಿಡದೆ ಅರ್ಧ ಹಾಕಿಸಿಕೊಂಡರೆ ಸಾಕು. ಅಮೆರಿಕದಲ್ಲಿ 2010ರ ಕೊನೆಗೆ ಬಂದ ಷೆವರ್ಲೆ ವೋಲ್ಟ್‌ನವರು ಇದನ್ನು ಮೊದಲೇ ಊಹಿಸಿದ್ದರು: ಆರು ವಾರ ಇಂಜಿನ್ ಓಡದಿದ್ದರೆ ಆ ಕಾರು ಚಾಲಕನಿಗೆ ತಿಳಿಸಿ ತಾನೇ ಸ್ವಲ್ಪ ಹೊತ್ತು ಇಂಜಿನ್ ಓಡಿಸುತ್ತಿತ್ತು.

ಬ್ರೇಕಿನದ್ದೂ ಇದೇ ಪಾಡು. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟರೇ ಮಾಡಿ ಬ್ಯಾಟರಿ ತುಂಬಿಸಿಕೊಳ್ಳುವುದರಿಂದ ಹೊಸ ಪ್ಯಾಡ್ ಡಿಸ್ಕಿಗೆ ಉಜ್ಜಿ ಹೊಂದುವುದು ನಿಧಾನ. ಕಡಲ ಗಾಳಿಯ ಉಪ್ಪಿಗೆ ಆ ಡಿಸ್ಕಿನ ಮೇಲೆ ತುಕ್ಕು ಬೇಗ ಹಿಡಿಯುತ್ತದೆ. ಖಾಲಿ ರಸ್ತೆಯಲ್ಲಿ ಆಗಾಗ ಗಟ್ಟಿಯಾಗಿ ಬ್ರೇಕ್ ಒತ್ತುವುದು ಒಳ್ಳೆಯದು.

ಕೋಟಿಯ ಬೆಲೆಯ ಕಾರಿನ ಚಿಂತೆ ನಮಗೇಕೆ ಎನ್ನಬಹುದು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳಿಗೆ ಪ್ಲಗ್ ಇಲ್ಲ, ಬ್ಯಾಟರಿ ಚಿಕ್ಕದು. ಇಂಜಿನ್ ದಿನವೂ ಹತ್ತಾರು ಸಲ ಏಳುವುದರಿಂದ ಅವುಗಳಿಗೆ ಈ ತಾಪತ್ರಯ ಅಷ್ಟಾಗಿ ಇಲ್ಲ. ಪ್ಲಗ್-ಇನ್ ಪ್ರಶ್ನೆ ನಮ್ಮ ಕಡೆ ಬರುವುದು ಹೆಚ್ಚಾಗಿ ಗಲ್ಫಿನಿಂದ ರಜೆಗೆ ಬಂದವರ ಬಾಯಲ್ಲಿ. ಮುಂದೆ ಇಂಥ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೂ ಬರುತ್ತವೆ. ಆಗ ಮೀಟರ್ ನೋಡಿ ಬೆಲೆ ಕಟ್ಟಬೇಡಿ. ಸರ್ವಿಸ್ ಸೆಂಟರಿನ ಸ್ಕ್ಯಾನರಿನಲ್ಲಿ ಇಂಜಿನ್ ಓಡಿದ ಗಂಟೆಗಳು ಸಿಕ್ಕಿದರೆ ಅದನ್ನು ಕೇಳಿ, ಆಯಿಲ್ ಬದಲಿಸಿದ ತಾರೀಕುಗಳನ್ನೂ ಕೇಳಿ. ಮೂವತ್ತು ಸಾವಿರ ಓಡಿದ ಕಾರಿನಲ್ಲಿ ಇನ್ನೂ ರಿಂಗ್ ಕೂರದ ಇಂಜಿನ್ ಇರಬಹುದು.