ಕಾರ್ಮೆಲ್ ಬೆಟ್ಟವನ್ನೇರಿದ ಮೈಸೂರಿನ ರಾವುತರು

ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಶಿಲಾಸ್ತಂಭವೊಂದರ ಮೇಲೆ, ಸಮುದ್ರದಾಚೆ ಅಸುನೀಗಿದ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನ ಯೋಧರ ನಾಮಾವಳಿಯನ್ನು ತಾವು ಕಂಡಿರುವಿರಾ?

ಇಂದಿನ ಇಸ್ರೇಲಿನ ಯಾವ ಗಲಿಲೀ ಸೀಮೆಯಲ್ಲಿ, ಹೊಸದಾಗಿ ನೆಲವನ್ನುತ್ತು ನೆಲೆಸಿದ ಯಹೂದಿ ತರುಣರು 1909ರಲ್ಲಿ ‘ಹಾಶೋಮೇರ್’ ಎಂಬ ಕಾವಲುಪಡೆಯನ್ನು ಕಟ್ಟಿ, ಕುದುರೆಯೇರಿ ಹೊಲಗಳನ್ನು ಕಾಯುತ್ತ, ಹಲವರು ಎಳೆವಯಸ್ಸಿನಲ್ಲಿಯೇ ಪ್ರಾಣವನ್ನರ್ಪಿಸಿದರೋ, ಅದೇ ನಾಡಿಗೆ ಮೈಸೂರಿನ ಈ ರಾವುತರೂ ಮೊದಲನೆಯ ಮಹಾಯುದ್ಧದಲ್ಲಿ ತೆರಳಿದರು. 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಅಶ್ವದಳವು ಹೈಫಾ ಪಟ್ಟಣಕ್ಕೆ ನುಗ್ಗಲು ದಾರಿಯಾಗುವಂತೆ, ಅವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನೇರಿ, ಮೇಲಿದ್ದ ತೋಪುಗಳ ಮೇಲೆ ಈಟಿ ಹಿಡಿದು ಎರಗಿ, ಅವುಗಳನ್ನು ವಶಪಡಿಸಿಕೊಂಡರು. ಶತಮಾನಗಳ ಆಟೊಮನ್ ಆಳ್ವಿಕೆಯು ಅಂದೇ ಆ ಪಟ್ಟಣದಲ್ಲಿ ಕೊನೆಗೊಂಡಿತು.

ಸೆಪ್ಟೆಂಬರ್ 23ನ್ನು ಭಾರತೀಯ ಸೇನೆಯು ಹೈಫಾ ದಿನವೆಂದು ಆಚರಿಸುತ್ತದೆ. ನಮ್ಮ ಶಾಲೆಗಳಲ್ಲಿಯೂ ಅಂದು ಈ ವೀರರ ಚರಿತ್ರೆಯನ್ನು ಮಕ್ಕಳಿಗೆ ಹೇಳತಕ್ಕದ್ದು.