ಅರ್ಧ ಯೂನಿಟ್ ಕರೆಂಟಿನ ಓಟ

ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿ ಕಳಚಿ ಕೈಯಲ್ಲಿ ಹಿಡಿದರೆ ಮೂರು ಕೆ.ಜಿ. ಆಸುಪಾಸು ತೂಗುತ್ತದೆ. ಅದರಲ್ಲಿ ತುಂಬುವ ಕರೆಂಟು ಸಾಮಾನ್ಯವಾಗಿ ಅರ್ಧ ಯೂನಿಟ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ನುಂಗುವಷ್ಟು. ಅಷ್ಟನ್ನೇ ನೆಚ್ಚಿಕೊಂಡು, ಪೆಡಲ್ ತುಳಿಯುತ್ತಾ ಬೆಂಗಳೂರಿನಿಂದ ರಾಮನಗರ ಮುಟ್ಟಬಹುದು.

ಪೆಟ್ರೋಲಿಗೂ ಇದೇ ಲೆಕ್ಕ ಹಾಕಿ ನೋಡಿ. ಒಂದು ಲೀಟರಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಕ್ತಿ ಇದೆ. ಕಾರು ಅದನ್ನು 15 ಕಿ.ಮೀ.ಗೆ ಮುಗಿಸುತ್ತದೆ, ಬಹುಪಾಲು ಎಂಜಿನ್ನಿನ ಬಿಸಿಯಾಗಿ ಹೋಗುತ್ತದೆ, ಉಳಿದದ್ದು 70 ಕೆ.ಜಿ.ಯ ಮನುಷ್ಯನಿಗಾಗಿ ಸಾವಿರ ಕೆ.ಜಿ. ಲೋಹವನ್ನು ಎಳೆಯುತ್ತದೆ. ಅಷ್ಟೇ ಶಕ್ತಿ ಈ ಸೈಕಲ್ಲಿಗೆ ದಕ್ಕಿದರೆ 900 ಕಿ.ಮೀ.! ಬೀದರಿನಿಂದ ಹೊರಟವರು ಮೈಸೂರು ತಲುಪಿದ ಮೇಲೂ ಮಿಗುತ್ತದೆ.

ಹೊಗೆಯ ಲೆಕ್ಕವೂ ಹಾಗೆಯೇ. ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ಕಾರಿಗೆ ಕಿ.ಮೀ.ಗೆ 150 ಗ್ರಾಂ. ನಮ್ಮ ದೇಶದ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು, ಯೂನಿಟ್ಟಿಗೆ ಸುಮಾರು 700 ಗ್ರಾಂ. ಆದರೂ ಸೈಕಲ್ಲಿನ ಪಾಲಿಗೆ ಬರುವುದು ಕಿ.ಮೀ.ಗೆ 7 ಗ್ರಾಂ! ತಯಾರಿಕೆಯ ಹೊಗೆ ಬೇರೆ, ನಿಜ. ಅದು ಎರಡಕ್ಕೂ ಇದೆ, ಕಾರಿಗೇ ಬಹಳ ಹೆಚ್ಚು.

ಆದರೆ ಜನ ಕಾರು ಬಿಟ್ಟು ಇಳಿಯದಿದ್ದರೆ ಈ ಗ್ರಾಂಗಳಿಂದ ಏನೂ ಆಗದು. ಚೀನಾದಲ್ಲಿ 30 ಕೋಟಿಗೂ ಮಿಕ್ಕಿ ಎಲೆಕ್ಟ್ರಿಕ್ ದ್ವಿಚಕ್ರಗಳಿವೆ, 2011ರ ಜನಗಣತಿಯ ಕರ್ನಾಟಕಕ್ಕೆ ಹಂಚಿದರೆ ಹಸುಗೂಸೂ ಸೇರಿ ತಲೆಗೆ ಐದರಂತೆ. ಅಲ್ಲಿ ಬಸ್ಸು, ಮಾಮೂಲಿ ಸೈಕಲ್ಲು ಬಿಟ್ಟು ಬಂದವರೂ ಬಹಳ. ಅಂಥವರಿಂದ ಉಳಿಯುವ ಹೊಗೆ ಅಷ್ಟಕ್ಕಷ್ಟೆ.

ಹಾಗಾಗಿ ನನಗೆ ನಾರ್ವೆಯ ಅಂಕಿಗಳೇ ದೊಡ್ಡವು. ಓಸ್ಲೋದ ಸಾರಿಗೆ ಅರ್ಥಶಾಸ್ತ್ರ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲೆಕ್ಟ್ರಿಕ್ ಸೈಕಲ್ ಕೊಂಡವರ ಸೈಕಲ್ ಸವಾರಿ ದಿನಕ್ಕೆ ಸರಾಸರಿ 2.1 ಕಿ.ಮೀ.ಯಿಂದ 9.2ಕ್ಕೆ ಏರಿತು. ಅವರ ಒಟ್ಟು ಓಡಾಟದಲ್ಲಿ ಸೈಕಲ್ಲಿನ ಪಾಲು ಶೇ. 17ರಿಂದ ಶೇ. 49! ಇದು ಬೆಟ್ಟಗುಡ್ಡಗಳ, ಹಿಮ ಸುರಿಯುವ ದೇಶದ ಮಾತು. ಏರು ಬಂದಾಗ ಕಾಲಿನ ಒತ್ತಡವನ್ನು ಪೆಡಲಿನ ಸೆನ್ಸರ್ ಗ್ರಹಿಸುತ್ತದೆ, 250 ವಾಟಿನ ಮೋಟಾರು ಕೂಡಲೇ ಹೆಗಲು ಕೊಡುತ್ತದೆ, ಗಂಟೆಗೆ 25 ಕಿ.ಮೀ. ದಾಟಿದರೆ ಸುಮ್ಮನಾಗುತ್ತದೆ. ಇಷ್ಟು ಚಿಕ್ಕ ಆಸರೆ ಸಾಕಾಯಿತು.

ಹೀಗೆ ಹೆಚ್ಚಿದ 7.1 ಕಿ.ಮೀ.ಯನ್ನು ನಮ್ಮೂರಿನ ಒಬ್ಬರು ಪೆಟ್ರೋಲ್ ಕಾರಿನಿಂದ ಬಿಡಿಸಿಕೊಂಡರು ಎನ್ನಿ. ವರ್ಷಕ್ಕೆ ಉಳಿಯುವ ಪೆಟ್ರೋಲ್ 170 ಲೀಟರ್, ಖರ್ಚಾಗುವ ಕರೆಂಟು 26 ಯೂನಿಟ್.