ವಾಸಿಯಾಗದ ಸೊಂಟನೋವು: ಮಿದುಳು ಮತ್ತು ಮಾನಸಿಕ ಒತ್ತಡದ ಪಾತ್ರ

ಬಗ್ಗಿ ನಾಟಿ ಮಾಡುವುದು, ಕುಳಿತು ಕಳೆ ಕೀಳುವುದು, ಗೊಬ್ಬರದ ಚೀಲ ಹೊರುವುದು, ದಿನವಿಡೀ ಟ್ರ್ಯಾಕ್ಟರ್ ನಡೆಸುವುದು ಬೇಸಾಯದಲ್ಲಿ ತಪ್ಪದ ಕೆಲಸಗಳು. ಆದ್ದರಿಂದ ರೈತರಲ್ಲಿ ಸೊಂಟನೋವು ಸಾಮಾನ್ಯ. ಹೆಚ್ಚಿನವರಲ್ಲಿ ಇದು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇಂತಹ ನೋವಿನಲ್ಲಿ ಸೊಂಟದ ಸ್ಥಿತಿಯಷ್ಟೇ ಮಿದುಳಿನ ಮತ್ತು ಮನಸ್ಸಿನ ಸ್ಥಿತಿಯೂ ಮುಖ್ಯವಾಗಿರುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಮಾತ್ರೆ, ಇಂಜೆಕ್ಷನ್‌ಗಳಿಗೆ ಹಣ ಸುರಿಯುವವರೂ, ಕೆಲಸವನ್ನೇ ಬಿಟ್ಟು ಮಲಗುವವರೂ ಉಂಟು.

ನೋವು ಹುಟ್ಟುವ ಬಗೆ

ದೇಹಕ್ಕೆ ಪೆಟ್ಟಾದಾಗ ಅದರ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಮುಟ್ಟುತ್ತದೆ. ಎಷ್ಟು ಅಪಾಯವಿದೆ ಎಂಬುದನ್ನು ಮಿದುಳು ಅಳೆದ ಮೇಲೆಯೇ ನೋವಿನ ಅನುಭವವಾಗುತ್ತದೆ. ಹಗ್ಗ ಕಿತ್ತು ಓಡುವ ಹೋರಿಯನ್ನು ಹಿಡಿಯುವಾಗ ಆದ ತರಚು ಗಾಯ, ಹೋರಿಯನ್ನು ಕಟ್ಟಿದ ಮೇಲಷ್ಟೇ ಉರಿಯತೊಡಗುವುದು ಇದೇ ಕಾರಣದಿಂದ.

ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದಂತೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಿಸಿದರು. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ಧೈರ್ಯ, ನೆಮ್ಮದಿ, ಗಮನ ಬೇರೆಡೆಗಿರುವುದು ತೂಬನ್ನು ಮುಚ್ಚುತ್ತವೆ. ಭಯ, ಚಿಂತೆ ತೂಬನ್ನು ತೆರೆಯುತ್ತವೆ. ಈ ವಿವರಣೆ ಮುಂದೆ ಕೆಲವು ತಿದ್ದುಪಡಿಗಳನ್ನು ಕಂಡರೂ ಅದರ ಮೂಲ ವಿಚಾರ ಇಂದಿಗೂ ಉಳಿದಿದೆ.

ಗಾಯ ಮಾಗಿದರೂ ನೋವು ಏಕೆ?

ಒಂದೇ ಜಾಡಿನಲ್ಲಿ ನೀರು ಹರಿಯುತ್ತಿದ್ದರೆ ಕಾಲುವೆ ಆಳವಾಗುತ್ತದೆ. ಹಾಗೆಯೇ ನೋವಿನ ಸುದ್ದಿ ಪದೇ ಪದೇ ಹರಿದರೆ ಬೆನ್ನುಹುರಿಯ ಮತ್ತು ಮಿದುಳಿನ ನರಕೋಶಗಳು ಅತಿ ಸೂಕ್ಷ್ಮವಾಗುತ್ತವೆ. ಬೆನ್ನುಹುರಿಯಲ್ಲಿ ಆಗುವ ಈ ಬದಲಾವಣೆಯನ್ನು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದರು. ಆಗ ಸಣ್ಣ ಬಾಗುವಿಕೆಯೂ ದೊಡ್ಡ ನೋವಾಗಿ ತೋರುತ್ತದೆ.

ಇದರಂತೆಯೇ, ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬಿರುವುದು ಕಂಡರೆ ಅದೇ ನೋವಿಗೆ ಕಾರಣವೆಂದು ಹೇಳಲಾಗದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಂಡುಬಂದಿತು.

ಒತ್ತಡದ ವಿಷಚಕ್ರ

ಮಳೆ ಕೈಕೊಟ್ಟು, ಬೆಲೆ ಕುಸಿದು, ಸಾಲದ ಕಂತು ಹತ್ತಿರವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ಹೆಚ್ಚುತ್ತವೆ. ಸ್ನಾಯುಗಳು ಬಿಗಿಯುತ್ತವೆ, ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಮರುದಿನ ನೋವು ಹೆಚ್ಚು. ನೋವಿಗೆ ಹೆದರಿ ಮಲಗಿದರೆ ಸ್ನಾಯುಗಳು ದುರ್ಬಲವಾಗುತ್ತವೆ. ಕೆಲಸ ನಿಂತು ಚಿಂತೆ ಇನ್ನೂ ಹೆಚ್ಚುತ್ತದೆ. ಈ ನೋವು ನಟನೆಯಲ್ಲ, ಸೋಮಾರಿತನವೂ ಅಲ್ಲ. ಅದು ನಿಜವಾದ ನೋವು. "ಎಲ್ಲಾ ನಿನ್ನ ಮನಸ್ಸಿನದು" ಎಂದು ಮನೆಯವರು ಹಂಗಿಸಿದರೆ ಒತ್ತಡ ಬೆಳೆಯುವುದೇ ಹೊರತು ನೋವು ಇಳಿಯದು.

ಅನುಸರಿಸಬೇಕಾದ ಕ್ರಮಗಳು

1. ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳಬೇಕು. ಗಂಭೀರ ಕಾಯಿಲೆ ಇಲ್ಲವೆಂದು ತಿಳಿದ ಮೇಲೆ ಬಹುದಿನ ಹಾಸಿಗೆ ಹಿಡಿಯಬಾರದು.

2. ದಿನಕ್ಕೆ 10 ನಿಮಿಷ ನಡಿಗೆಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಸ್ವಲ್ಪ ನೋವಾದ ಮಾತ್ರಕ್ಕೆ ಹಾನಿಯಾಯಿತೆಂದು ತಿಳಿಯಬಾರದು.

3. ನೋವು ಕಡಿಮೆಯಿದ್ದ ದಿನ ಕೆಲಸವನ್ನೆಲ್ಲ ಮುಗಿಸಲು ಹೋಗಿ ಮೂರು ದಿನ ಮಲಗುವುದು ತಪ್ಪು. ದಿನವೂ ಅಳತೆಯಲ್ಲಿ ದುಡಿದು, ನಡುನಡುವೆ ಕೆಲಸ ಬದಲಿಸಬೇಕು. ಸಾಧ್ಯವಿದ್ದಲ್ಲಿ ನಿಂತೇ ಕಳೆ ತೆಗೆಯುವ ಉದ್ದ ಹಿಡಿಯ ಸಾಧನ ಬಳಸಬಹುದು.

4. ನಿಗದಿತ ಸಮಯಕ್ಕೆ ಮಲಗಿ ಏಳಬೇಕು. ಮದ್ಯಪಾನ ನಿದ್ರೆಯನ್ನು ಕೆಡಿಸುತ್ತದೆ.

5. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಜಠರ ಮತ್ತು ಮೂತ್ರಪಿಂಡಗಳಿಗೆ ಅಪಾಯ.

6. ಚಿಂತೆಯನ್ನು ಮನೆಯವರಲ್ಲಿ, ಸ್ನೇಹಿತರಲ್ಲಿ ಹೇಳಿಕೊಳ್ಳಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ತಡಮಾಡಬಾರದ ಲಕ್ಷಣಗಳು

ಮಲಮೂತ್ರದ ಹತೋಟಿ ತಪ್ಪುವುದು, ತೊಡೆಗಳ ಸಂದಿ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರದಿಂದ ಬಿದ್ದ ನಂತರದ ನೋವಿಗೂ ಇದೇ ಮಾತು. ಸಂಜೆಯ ಜ್ವರದೊಂದಿಗೆ ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದಾದ್ದರಿಂದ ಬೇಗ ಪರೀಕ್ಷೆ ಮಾಡಿಸಬೇಕು.

ವಿಸ್ತರಣಾ ಕಾರ್ಯಕರ್ತರು ನೋವಿನಿಂದ ಹೊಲಕ್ಕೆ ಬಾರದ ರೈತರನ್ನು ಕಂಡಾಗ ಸೊಂಟದ ಬಗ್ಗೆ ಮಾತ್ರವಲ್ಲದೆ ನಿದ್ರೆ, ಸಾಲ, ಬೆಳೆಗಳ ಬಗ್ಗೆಯೂ ವಿಚಾರಿಸುವುದು ಒಳ್ಳೆಯದು. ಸಾಲದ ಕಂತು ಮುಂದೂಡಿಸಲು ಅಥವಾ ಬೆಳೆ ವಿಮೆಯ ಹಣ ಪಡೆಯಲು ಮಾಡುವ ನೆರವೂ ನೋವಿನ ಹೊರೆಯನ್ನು ಇಳಿಸಬಲ್ಲದು.